ಬುತ್ತಿ ಕಟ್ಟಿಕೊಂಡು ಬನವಾಸಿಗೆ

ಡಿಸೆಂಬರ್ ಬಂತೆಂದರೆ ಶಾಲೆ-ಕಾಲೇಜುಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮೈಸೂರು, ಹಂಪಿ, ವಿಜಯಪುರ ಎಂದು ಪಟ್ಟಿ ಸಿದ್ಧವಾಗುತ್ತದೆ. ತಲೆಗೆ ಸಾವಿರಾರು ರೂಪಾಯಿ ಖರ್ಚು. ಕೊಡಬಲ್ಲವರು ಬಸ್ಸು ಹತ್ತುತ್ತಾರೆ, ಕೊಡಲಾಗದವರು ಏನಾದರೊಂದು ನೆಪ ಹೇಳಿ ಮನೆಯಲ್ಲಿ ಉಳಿಯುತ್ತಾರೆ. ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯಂಥ ಊರುಗಳಲ್ಲಿ, ಅಡಿಕೆ ತೋಟಗಳಲ್ಲಿ ದುಡಿಯುವವರ ಮಕ್ಕಳಿಗೆ ಇತಿಹಾಸವೆಂಬುದು ಪಾಠಪುಸ್ತಕದ ಮಸುಕು ಚಿತ್ರವಾಗಿಯೇ ಉಳಿದುಬಿಡುತ್ತದೆ.

ಆದರೆ ಕನ್ನಡ ನಾಡನ್ನಾಳಿದ ಕದಂಬರ ರಾಜಧಾನಿ ಬನವಾಸಿ ಶಿರಸಿಯಿಂದ ಸುಮಾರು 23 ಕಿಲೋಮೀಟರ್ ದೂರದಲ್ಲಿದೆ. ಬೆಳಿಗ್ಗೆ ಶಿರಸಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಹೋದರೆ ಸಂಜೆಗೆ ಹಿಂತಿರುಗಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿನ ಖರ್ಚೂ ಇಲ್ಲ. ಗಂಡುಮಕ್ಕಳಿಗೆ ಬಸ್ ಚಾರ್ಜು ಮಾತ್ರ. ಮನೆಯಿಂದ ಕಟ್ಟಿಕೊಂಡ ಬುತ್ತಿ, ಒಂದು ಬಾಟಲಿ ನೀರು, ಒಂದು ನೋಟ್ ಪುಸ್ತಕ, ಇಷ್ಟಿದ್ದರೆ ಸಾಕು. ಊರೊಳಗೆ ಕಾಲ್ನಡಿಗೆಯಲ್ಲೇ ಸುತ್ತಬಹುದು. ಇಳಿದ ಕೂಡಲೇ ಹಿಂತಿರುಗುವ ಬಸ್ಸಿನ ಸಮಯ ಕೇಳಿಟ್ಟುಕೊಂಡರೆ ಆಯಿತು.

ಬನವಾಸಿಯಲ್ಲಿ ಕಣ್ಣು ಕುಕ್ಕುವ ಅರಮನೆಗಳಿಲ್ಲ. ಮೂರು ಕಡೆ ವರದಾ ನದಿ ಬಳಸಿ ಹರಿಯುವ ಒಂದು ಸಣ್ಣ ಊರು ಅದು. ಅದರ ಹೆಸರು ಮಾತ್ರ ಬಹಳ ಹಳೆಯದು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಬೌದ್ಧ ಭಿಕ್ಷುವನ್ನು ವನವಾಸಕ್ಕೆ ಕಳುಹಿಸಲಾಯಿತೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಕ್ರಿ.ಶ. 2ನೇ ಶತಮಾನದ ಭೂಗೋಳಶಾಸ್ತ್ರಜ್ಞ ಟಾಲೆಮಿಗೂ ಈ ಊರಿನ ಹೆಸರು ಗೊತ್ತಿತ್ತು. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ಮುತ್ತಿದ ಬನವಾಸಿಯನ್ನು ವರದೆಯನ್ನೇ ಒಡ್ಯಾಣವಾಗಿ ಧರಿಸಿದ ನಗರವೆಂದು ವರ್ಣಿಸಿದ್ದಾನೆ. ನದೀತೀರದಲ್ಲಿ ನಿಂತರೆ ಆ ಮಾತು ಬರಿಯ ಕವಿಕಲ್ಪನೆಯಲ್ಲ ಎಂಬುದು ತಿಳಿಯುತ್ತದೆ.

ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲ್ಪವೊಂದಿದೆ. ಅವಸರದಲ್ಲಿ ಬಂದವರು ಅದರ ಮುಂದೆ ನಿಲ್ಲುವುದಿಲ್ಲ. ಅದರ ಅಂಚಿನಲ್ಲಿ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಒಂದು ಶಾಸನವಿದೆ. ಕದಂಬರಿಗಿಂತ ಮೊದಲು ಇಲ್ಲಿ ಆಳಿದ ಚುಟು ಮನೆತನದ ಶಾತಕರ್ಣಿಯ ಕಾಲದ್ದು. ರಾಜಪುತ್ರಿಯೊಬ್ಬಳು ಈ ನಾಗನನ್ನು, ಒಂದು ಕೆರೆಯನ್ನು, ಒಂದು ವಿಹಾರವನ್ನು ಮಾಡಿಸಿದಳೆಂದು ಅದು ತಿಳಿಸುತ್ತದೆ. ಕೆತ್ತಿದ ಶಿಲ್ಪಿಯ ಹೆಸರು ನಟಕ. ಆತ ತನ್ನ ಹೆಸರಿನ ಜೊತೆಗೆ ಗುರುವಿನ ಹೆಸರನ್ನೂ ಬರೆಸಿದ್ದಾನೆ. ಒಬ್ಬ ಹೆಣ್ಣುಮಗಳ ದಾನ, ಒಬ್ಬ ಶಿಷ್ಯನ ಕೃತಜ್ಞತೆ, ಎರಡೂ ಒಂದೇ ಕಲ್ಲಿನಲ್ಲಿ ಉಳಿದಿವೆ.

ಕದಂಬ ರಾಜ್ಯದ ಕಥೆಯೂ ಒಬ್ಬ ವಿದ್ಯಾರ್ಥಿಯ ಪ್ರವಾಸದಿಂದಲೇ ಆರಂಭವಾಗುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಅದನ್ನು ಹೇಳುತ್ತದೆ. ಮಯೂರಶರ್ಮನೆಂಬ ತರುಣ ತನ್ನ ಗುರು ವೀರಶರ್ಮನೊಡನೆ ಓದಲೆಂದು ಪಲ್ಲವರ ರಾಜಧಾನಿ ಕಂಚಿಗೆ ಹೋದ. ಅಲ್ಲಿನ ಘಟಿಕಾ ಸ್ಥಾನ ಸೇರಿದ. ಆದರೆ ಪಲ್ಲವರ ಕುದುರೆಯ ವಿಷಯದಲ್ಲಿ ಎದ್ದ ಜಗಳದಲ್ಲಿ ಅವಮಾನಿತನಾದ. ದರ್ಭೆ ಹಿಡಿಯುವ ಕೈಗೆ ಖಡ್ಗ ಬಂತು. ಶ್ರೀಪರ್ವತದ ಕಾಡುಗಳಲ್ಲಿ ನೆಲೆ ಮಾಡಿಕೊಂಡು ಪಲ್ಲವರನ್ನು ಕಾಡಿದ. ಕೊನೆಗೆ ಅವರೇ ಅವನ ಅಧಿಕಾರವನ್ನು ಒಪ್ಪಿಕೊಳ್ಳಬೇಕಾಯಿತು. ಇದು 4ನೇ ಶತಮಾನದ ಮಾತು. ಅವನ ವಂಶದ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಇದನ್ನು ಕಲ್ಲಿನ ಮೇಲೆ ಬರೆಸಿದ.

ಈ ಅರಸರು ವೈದಿಕ ಮನೆತನದವರು. ಆದರೂ ಶಾಂತಿವರ್ಮನ ಮಗ ಮೃಗೇಶವರ್ಮ ಜೈನರ ಶ್ವೇತಪಟ ಮತ್ತು ನಿರ್ಗ್ರಂಥ ಸಂಘಗಳೆರಡಕ್ಕೂ ದಾನ ಕೊಟ್ಟಿದ್ದನ್ನು ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಸಿಕ್ಕ ತಾಮ್ರಪಟಗಳು ಹೇಳುತ್ತವೆ. ಅವನ ಮಗ ರವಿವರ್ಮ ಕಾಮದೇವನಿಗೆ ಗುಡಿ ಕಟ್ಟಿಸಿದ ವಿವರ ಬನವಾಸಿ ಸಮೀಪದ ಗುಡ್ನಾಪುರದ ಶಾಸನದಲ್ಲಿದೆ. 941ರಲ್ಲಿ ಕಾವ್ಯ ಬರೆದ ಪಂಪ ಬನವಾಸಿಯನ್ನು ಮನತುಂಬಿ ನೆನೆದಿದ್ದಾನೆ. ಅವನು ಜೈನ. ಅಲ್ಲಮಪ್ರಭುವಿನ ಕಥೆಯಲ್ಲೂ ಬನವಾಸಿ ಬರುತ್ತದೆ. ಮಧುಕೇಶ್ವರ ದೇವಾಲಯಕ್ಕೆ ಕದಂಬರ ನಂತರ ಚಾಲುಕ್ಯರು ಸೇರಿಸಿದರು, ಸೋದೆಯ ಅರಸರೂ ಸೇರಿಸಿದರು. ಅಲ್ಲಿರುವ ಕಲ್ಲಿನ ಮಂಚ ಸೋದೆಯವರ ಕೊಡುಗೆ. ಹೀಗೆ ಬೌದ್ಧ, ಜೈನ, ವೈದಿಕ, ಶರಣ ಎಲ್ಲರ ಹೆಜ್ಜೆಗಳೂ ಒಂದೇ ಊರಿನಲ್ಲಿ ಬಿದ್ದಿವೆ. ಇತಿಹಾಸವನ್ನು ಒಬ್ಬರ ಸ್ವತ್ತು ಮಾಡಿಕೊಂಡು ಮತ್ತೊಬ್ಬರನ್ನು ಹೊರಗಿಡುವ ಮಾತು ಹೆಚ್ಚುತ್ತಿರುವ ಕಾಲದಲ್ಲಿ ಮಕ್ಕಳು ಈ ಕಲ್ಲುಗಳನ್ನು ಸ್ವಂತ ಕಣ್ಣಿನಿಂದ ನೋಡುವುದು ಅಗತ್ಯ. ಬಾಯಿಮಾತಿನಲ್ಲಿ ಕೇಳಿದ ಇತಿಹಾಸವನ್ನು ಯಾರು ಬೇಕಾದರೂ ತಿರುಚಬಹುದು, ಶಾಸನವನ್ನು ಓದಿದವನನ್ನು ಮರುಳು ಮಾಡುವುದು ಕಷ್ಟ.

ನೋಡುವುದಕ್ಕೂ ಒಂದು ಕ್ರಮವಿದೆ. 14ನೇ ಶತಮಾನದಲ್ಲಿ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ ಇದೇ ಉತ್ತರ ಕನ್ನಡದ ಹೊನ್ನಾವರಕ್ಕೆ ಬಂದಿದ್ದ. ಆತ ಸುಲ್ತಾನನ ವೈಭವವನ್ನಷ್ಟೇ ಬರೆಯಲಿಲ್ಲ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳಿರುವುದನ್ನು ಎಣಿಸಿ ಬರೆದಿಟ್ಟ. ಇಂದು ನಮಗೆ ಆ ಸುಲ್ತಾನನಿಗಿಂತ ಆ ಶಾಲೆಗಳ ಲೆಕ್ಕವೇ ಹೆಚ್ಚು ಅಮೂಲ್ಯವೆನಿಸುತ್ತದೆ. ಬನವಾಸಿಗೆ ಹೋಗುವ ವಿದ್ಯಾರ್ಥಿಯೂ ಹೀಗೆಯೇ ನೋಡಲಿ. ದಾನ ಕೊಟ್ಟವರು ಯಾರು, ಕೆತ್ತಿದವರು ಯಾರು, ಯಾವ ಭಾಷೆ, ಯಾವ ಲಿಪಿ ಎಂದು ಕೇಳಿ ಬರೆದುಕೊಳ್ಳಲಿ. ಮೊಬೈಲಿನಲ್ಲಿ ಫೋಟೋ ತೆಗೆಯುವುದು ಆಮೇಲೆ.

ದೂರದ ಪ್ರವಾಸ ಬೇಡವೆಂದಲ್ಲ. ಅದಕ್ಕೆ ಮೊದಲು ತರಗತಿಯ ಎಲ್ಲ ಮಕ್ಕಳೂ, ಯಾರೂ ಮನೆಯಲ್ಲಿ ಉಳಿಯದಂತೆ, ಒಂದು ದಿನ ಬನವಾಸಿಗೆ ಹೋಗಿ ಬರಲಿ. ಇತಿಹಾಸ ಬಲ್ಲ ಒಬ್ಬ ಶಿಕ್ಷಕರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬಸ್ ಚಾರ್ಜು ಹೊಂದಿಸಲಾಗದ ನಾಲ್ಕು ಮಕ್ಕಳಿದ್ದರೆ ಊರಿನ ಸಂಘ-ಸಂಸ್ಥೆಗಳು ಅದನ್ನು ಭರಿಸಲಿ. ಅಷ್ಟು ಸಣ್ಣ ಮೊತ್ತಕ್ಕೆ ಒಂದು ಮಗು ತನ್ನ ನಾಡಿನ ಮೊದಲ ರಾಜಧಾನಿಯನ್ನು ಕಾಣದೆ ಬೆಳೆಯಬಾರದು.