ಮದರಾಸಿನ ಇಬ್ಬರು ಮಹಿಳೆಯರು, ಒಂದು ಮಸೂದೆ

ಇಪ್ಪತ್ತನೆಯ ಶತಮಾನದ ಮಹಿಳಾ ಚಳವಳಿಯನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಶಾಸನಗಳ ಇತಿಹಾಸವನ್ನೇ ಬರೆಯುತ್ತಾರೆ. ಯಾವ ವರ್ಷ ಯಾವ ಕಾನೂನು ಬಂತು, ಅದನ್ನು ಮಂಡಿಸಿದವರು ಯಾರು, ವಿರೋಧಿಸಿದವರು ಯಾರು ಎಂಬಲ್ಲಿಗೆ ಕಥನ ಮುಗಿಯುತ್ತದೆ. ಕಾನೂನು ಯಾರ ಬದುಕನ್ನು ಕುರಿತದ್ದಾಗಿತ್ತೋ ಅವರು ಅದಕ್ಕೆ ಏನೆಂದರು ಎಂಬುದು ಅಡಿಟಿಪ್ಪಣಿಗೆ ಸರಿದುಹೋಗುತ್ತದೆ. ಮದರಾಸು ನಗರದಲ್ಲಿ ನಡೆದ ದೇವದಾಸಿ ನಿಷೇಧದ ವಾದವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ಅಗತ್ಯ. ಆ ವಾದದ ಎರಡೂ ಬದಿಯಲ್ಲಿ ಮಹಿಳೆಯರೇ ಇದ್ದರು. ಒಂದು ಬದಿಯಲ್ಲಿದ್ದವರಲ್ಲಿ ಪ್ರಮುಖರಾದ ಒಬ್ಬರು ನಮ್ಮ ನಂಜನಗೂಡಿನ ಸೀಮೆಯವರು.

ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1886ರಲ್ಲಿ ಪುದುಕ್ಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿಯ ಮಹಾರಾಜ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಕುಲದಲ್ಲಿ ಹುಟ್ಟಿದವರು. ಗಂಡುಮಕ್ಕಳ ಕಾಲೇಜಿಗೆ ಹೆಣ್ಣುಮಗಳೊಬ್ಬಳು ಸೇರುವುದನ್ನು ಊರಿನ ಸಂಪ್ರದಾಯಸ್ಥರು ವಿರೋಧಿಸಿದಾಗ ಮಹಾರಾಜರ ಅನುಮತಿಯಿಂದಲೇ ಪ್ರವೇಶ ದೊರೆಯಿತು. ಮುಂದೆ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿ 1912ರಲ್ಲಿ ಪದವಿ ಪಡೆದರು. 1917ರಲ್ಲಿ ಅಡಯಾರಿನಲ್ಲಿ ಮಾರ್ಗರೆಟ್ ಕಸಿನ್ಸ್, ಅನಿ ಬೆಸೆಂಟ್, ಡೊರೋಥಿ ಜಿನರಾಜದಾಸ ಮೊದಲಾದವರು ಸ್ಥಾಪಿಸಿದ ಭಾರತೀಯ ಮಹಿಳಾ ಸಂಘವು ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿತು. 1921ರಲ್ಲಿ ಮದರಾಸು ಪ್ರಾಂತ್ಯವು ಆ ಹಕ್ಕನ್ನು ಒಪ್ಪಿತು. 1926ರ ಚುನಾವಣೆಯಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು. ಅದೇ ವರ್ಷ ಮುತ್ತುಲಕ್ಷ್ಮಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, 1927ರಲ್ಲಿ ಅದರ ಉಪಾಧ್ಯಕ್ಷರಾದರು.

ಅಲ್ಲಿ ಅವರು ಮೊದಲು ಕೈಹಾಕಿದ ಕಾರ್ಯಗಳಲ್ಲಿ ದೇವದಾಸಿ ಪದ್ಧತಿಯ ನಿವಾರಣೆ ಒಂದು. ಎಳೆಯ ಹೆಣ್ಣುಮಗುವನ್ನು ದೇವಾಲಯಕ್ಕೆ ಅರ್ಪಿಸಿ, ಅವಳಿಗೆ ವಿವಾಹದ ಬಾಗಿಲನ್ನು ಮುಚ್ಚಿ, ಕೊನೆಗೆ ಯಾವನೋ ಧನಿಕನ ಆಶ್ರಯಕ್ಕೆ ಒಪ್ಪಿಸುವ ಪದ್ಧತಿಯನ್ನು ಅವರು ಹೊರಗಿನಿಂದ ನೋಡಿದವರಲ್ಲ. ಅದು ತಾಯಿಯ ಮನೆಯ ಕಥೆಯಾಗಿತ್ತು. ಅವರ ದನಿಯಲ್ಲಿದ್ದ ತೀವ್ರತೆಗೆ ಕಾರಣ ಅದೇ ಎಂದು ನನ್ನ ಭಾವನೆ. ವಿರೋಧಿಸಿದವರಲ್ಲಿ ದೇಶಭಕ್ತ ಎಸ್. ಸತ್ಯಮೂರ್ತಿಯವರೂ ಇದ್ದರು. ಸ್ವರಾಜ್ಯವನ್ನು ಬೇಡುವ ನಾಲಿಗೆಯೇ ಈ ವಿಷಯದಲ್ಲಿ ಸಂಪ್ರದಾಯವನ್ನು ಹಿಡಿದು ನಿಂತದ್ದು ಇಂದಿನವರಿಗೆ ವಿಚಿತ್ರವೆನಿಸಬಹುದು.

ಆದರೆ ವಿರೋಧ ಬಂದದ್ದು ಅಲ್ಲಿಂದ ಮಾತ್ರವಲ್ಲ. 1927ರಲ್ಲಿ ಮದರಾಸಿನ ದೇವದಾಸಿಯರೇ ಸಂಘಟಿತರಾಗಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ತಮ್ಮನ್ನು ವೇಶ್ಯೆಯರೆಂದು ಕರೆಯುವುದು ಅನ್ಯಾಯ, ತಮ್ಮದು ದೇವರ ಸೇವೆ, ಸುಧಾರಣೆ ಬೇಕೆಂದರೆ ವಿದ್ಯೆಯನ್ನು ಕೊಡಿ ಎಂಬುದು ಅವರ ವಾದದ ಸಾರ. ಈ ಪಾಳೆಯದಲ್ಲಿದ್ದವರು ಬೆಂಗಳೂರು ನಾಗರತ್ನಮ್ಮನವರು.

ಇವರು 1878ರಲ್ಲಿ ನಂಜನಗೂಡಿನ ಬಳಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಿ. ಮೈಸೂರಿನಲ್ಲಿ ಸಂಸ್ಕೃತ, ಸಂಗೀತಗಳ ಶಿಕ್ಷಣ, ಬೆಂಗಳೂರಿನಲ್ಲಿ ಕೀರ್ತಿ, ಬಳಿಕ ಮದರಾಸಿನ ಸಂಗೀತ ಸಭೆಗಳಲ್ಲಿ ಅಗ್ರಸ್ಥಾನ. ಕೇವಲ ಗಾಯಕಿ ಎಂದರೆ ಅವರ ವಿದ್ವತ್ತಿಗೆ ಅಪಚಾರವಾದೀತು. ಹದಿನೆಂಟನೆಯ ಶತಮಾನದ ತಂಜಾವೂರಿನ ಆಸ್ಥಾನದಲ್ಲಿದ್ದ ಗಣಿಕೆ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು' ಅಪೂರ್ಣ ಪಾಠದಲ್ಲಿ ಪ್ರಚಾರದಲ್ಲಿತ್ತು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಹುಡುಕಿ ಪರಿಷ್ಕರಿಸಿ 1910ರಲ್ಲಿ ಪ್ರಕಟಿಸಿದರು. ವಿಧವಾ ವಿವಾಹದ ಮಹಾನ್ ಪ್ರವರ್ತಕರಾದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ಈ ಕವಯಿತ್ರಿಯನ್ನು ಹೀಗಳೆದಿದ್ದರು. ಅದಕ್ಕೆ ನಾಗರತ್ನಮ್ಮನವರು ತಮ್ಮ ಪೀಠಿಕೆಯಲ್ಲಿ ಉತ್ತರಿಸಿದರು: ಮರ್ಯಾದೆಯ ನಿಯಮ ಹೆಂಗಸರಿಗೆ ಮಾತ್ರವೇ, ಗಂಡಸರು ಬರೆದ ಶೃಂಗಾರಕ್ಕೆ ಅದು ಅನ್ವಯಿಸುವುದಿಲ್ಲವೇ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಮರುವರ್ಷವೇ ಸರ್ಕಾರ ಗ್ರಂಥವನ್ನು ಅಶ್ಲೀಲವೆಂದು ಪರಿಗಣಿಸಿತು. ಗಂಡಸರ ಸುಧಾರಣೆಯ ರುಚಿಯನ್ನು ಹೀಗೆ ಒಮ್ಮೆ ಕಂಡಿದ್ದವರು 1927ರಲ್ಲಿ ಮತ್ತೊಂದು ಸುಧಾರಣೆಯನ್ನು ಸಂದೇಹದಿಂದ ನೋಡಿದ್ದರಲ್ಲಿ ಆಶ್ಚರ್ಯವೇನಿದೆ?

ಈ ಸಂದೇಹಕ್ಕೆ ಆರ್ಥಿಕ ಕಾರಣವೂ ಇತ್ತು. ಅಂದಿನ ಹಿಂದೂ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು ಅತ್ಯಲ್ಪ. ದೇವದಾಸಿಯರ ಮನೆಗಳಲ್ಲಾದರೋ ಸ್ವತ್ತು ತಾಯಿಯಿಂದ ಮಗಳಿಗೆ, ದತ್ತುಪುತ್ರಿಗೆ ಹರಿಯುತ್ತಿತ್ತು. ಅಕ್ಷರ, ಸಂಗೀತ, ಸ್ವಂತ ಮನೆ, ಸ್ವಂತ ದುಡಿಮೆ ಇದ್ದ ಹೆಂಗಸರು ಆ ನಗರದಲ್ಲಿ ಇನ್ನೆಷ್ಟು ಮಂದಿ ಇದ್ದರು? ಆದರೂ ಇದು ನಾಗರತ್ನಮ್ಮನವರಂತಹ ಕೆಲವರ ಬದುಕು. ಹಳ್ಳಿಯ ಗುಡಿಗಳಿಗೆ ಅರ್ಪಿತರಾದ ಅಸಂಖ್ಯ ಬಡ ಹುಡುಗಿಯರಿಗೆ ಸಭೆಯೂ ಇರಲಿಲ್ಲ, ಮನೆಯೂ ಇರಲಿಲ್ಲ. ಮನವಿ ಬರೆಯಬಲ್ಲವರು ಬರೆದರು. ಬರೆಯಲಾರದವರ ಪರವಾಗಿ ಮುತ್ತುಲಕ್ಷ್ಮಿ ಮಾತಾಡಿದರು. ಮಗುವಿನ ಅರ್ಪಣೆಯನ್ನು ನಿಲ್ಲಿಸಲೇಬೇಕಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ತನ್ನ ಸಮ್ಮತಿಯ ಅರ್ಥವೇ ತಿಳಿಯದ ಮಗುವಿನ ವಿಷಯದಲ್ಲಿ ಕಲೆಯ ಉಳಿವು ವಾದವಾಗಲಾರದು. ಆದರೆ ಆ ಮನವಿಯಲ್ಲಿದ್ದ ವಿದ್ಯೆಯ ಬೇಡಿಕೆಯನ್ನು ಕಾನೂನು ಕೇಳಿಸಿಕೊಳ್ಳಲಿಲ್ಲ ಎಂಬುದೂ ನಿಜ.

1929ರ ತಿದ್ದುಪಡಿಯು ದೇವಾಲಯದ ಇನಾಮು ಭೂಮಿಯನ್ನು ಸೇವೆಯ ಷರತ್ತಿನಿಂದ ಬಿಡಿಸಿ, ಅನುಭವಿಸುತ್ತಿದ್ದವರಿಗೇ ಉಳಿಸಿತು. ಇದು ವಿವೇಕದ ಕ್ರಮ. ಸೇವೆ ಬಿಟ್ಟವಳು ಬೀದಿಗೆ ಬೀಳಬಾರದೆಂಬ ಎಚ್ಚರ ಅದರಲ್ಲಿದೆ. ಅರ್ಪಣೆಯನ್ನೇ ನಿಷೇಧಿಸುವ ಮಸೂದೆ 1930ರಲ್ಲಿ ಸಿದ್ಧವಾಯಿತಾದರೂ, ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿಯವರು ಪರಿಷತ್ತಿಗೆ ರಾಜೀನಾಮೆ ಕೊಟ್ಟರು. ಅದೇ ಕಾಲದಲ್ಲಿ ಅರ್ಪಣೆಯಿಂದ ತಪ್ಪಿಸಿಕೊಂಡು ಬಂದ ಹುಡುಗಿಯರಿಗೆ ನಗರದ ವಿದ್ಯಾರ್ಥಿನಿಲಯಗಳಲ್ಲಿ ಜಾಗ ಸಿಗದೆ ಹೋದಾಗ ಅವರನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ಅವ್ವೈ ಇಲ್ಲಂ ಹುಟ್ಟಿದ್ದು ಹಾಗೆ. ಶಾಸನಕ್ಕಿಂತ ಈ ಮನೆಯೇ ಅವರ ಹಿರಿಯ ಕಾರ್ಯವೆಂದು ನಾನು ಎಣಿಸುತ್ತೇನೆ, ಏಕೆಂದರೆ ದೇವದಾಸಿಯರು ಕೇಳಿದ್ದ ವಿದ್ಯೆ ದೊರೆತದ್ದು ಇಲ್ಲಿ.

ಇತ್ತ ಕಲೆಯ ಗತಿಯೇನಾಯಿತು? 1932ರಲ್ಲಿ ನೃತ್ಯದ ವಿಷಯವಾಗಿ ಮುತ್ತುಲಕ್ಷ್ಮಿಯವರಿಗೂ ಇ. ಕೃಷ್ಣ ಅಯ್ಯರ್ ಅವರಿಗೂ ಪತ್ರಿಕೆಗಳಲ್ಲಿ ವಾದ ನಡೆಯಿತು. ಸದಿರ್ ಎಂಬ ಹೆಸರು ಅಳಿದು ಭರತನಾಟ್ಯವೆಂಬ ಹೆಸರು ನಿಂತಿತು. 1936ರಲ್ಲಿ ರುಕ್ಮಿಣೀ ದೇವಿಯವರ ಕಲಾಕ್ಷೇತ್ರ ಆರಂಭವಾಯಿತು. ಗೌರವಸ್ಥ ಮನೆತನಗಳ ಕನ್ಯೆಯರು ವೇದಿಕೆಗೆ ಬಂದರು. ತಲೆಮಾರುಗಳಿಂದ ಆ ವಿದ್ಯೆಯನ್ನು ಕಾಪಾಡಿದ ಮನೆಗಳವರಲ್ಲಿ ಹಲವರು ವೇದಿಕೆಯಿಂದ ಇಳಿದರು. ನೃತ್ಯ ಉಳಿಯಿತು, ನರ್ತಕಿ ಉಳಿಯಲಿಲ್ಲ ಎಂದರೆ ಅತಿಶಯೋಕ್ತಿಯೇನೂ ಅಲ್ಲ.

ನಾಗರತ್ನಮ್ಮನವರು ಅಷ್ಟರಲ್ಲಿ ಬೇರೆಯದೇ ಹೋರಾಟದಲ್ಲಿದ್ದರು. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ದುಡಿಮೆಯ ಹಣದಿಂದ ಗುಡಿ ಕಟ್ಟಿಸಿದರು. ಆದರೆ ಆರಾಧನೆ ನಡೆಸುತ್ತಿದ್ದ ಎರಡು ಪಕ್ಷಗಳೂ ಪುರುಷರವು. ಗುಡಿ ಕಟ್ಟಿಸಿದವಳಿಗೇ ಅಲ್ಲಿ ಹಾಡುವ ಅವಕಾಶವಿಲ್ಲ! ಅವರು ಗುಡಿಯ ಹಿಂಬದಿಯಲ್ಲಿ ಹೆಂಗಸರದೇ ಮೂರನೆಯ ಪಕ್ಷವನ್ನು ಕಟ್ಟಿ ಹಾಡಿಸಿದರು. 1940ರ ದಶಕದ ಆರಂಭದಲ್ಲಿ ಪಕ್ಷಗಳು ಒಂದಾಗಿ, ಮಹಿಳೆಯರಿಗೂ ಸ್ಥಾನ ದೊರೆಯಿತು. ಯಾವ ಶಾಸನ ಸಭೆಯ ನೆರವೂ ಇಲ್ಲದೆ ಒಬ್ಬ ಹೆಣ್ಣುಮಗಳು ಗೆದ್ದುಕೊಂಡ ಹಕ್ಕಿದು. ಇದನ್ನು ಮಹಿಳಾ ಚಳವಳಿಯ ಪುಟಗಳಲ್ಲಿ ಏಕೆ ಸೇರಿಸುವುದಿಲ್ಲವೋ ಅರಿಯೆ.

1947ರಲ್ಲಿ ಎರಡು ಸಂಗತಿಗಳು ಕೂಡಿಬಂದವು. ಟಂಗುಟೂರಿ ಪ್ರಕಾಶಂ ಅವರ ಸರ್ಕಾರವು 'ರಾಧಿಕಾ ಸಾಂತ್ವನಮು' ಗ್ರಂಥದ ಮೇಲಿನ ನಿಷೇಧವನ್ನು ತೆಗೆಯಿತು. ಅದೇ ವರ್ಷ ಮದರಾಸು ದೇವದಾಸಿ ಅರ್ಪಣಾ ನಿಷೇಧ ಶಾಸನ ಅಂಗೀಕೃತವಾಯಿತು. ನಾಗರತ್ನಮ್ಮನವರು 1952ರಲ್ಲಿ ತೀರಿಕೊಂಡರು. ಅವರ ಸಮಾಧಿ ತಿರುವೈಯಾರಿನಲ್ಲಿ ತ್ಯಾಗರಾಜರ ಸನ್ನಿಧಿಗೆ ಸಮೀಪದಲ್ಲಿಯೇ ಇದೆ. ಮುತ್ತುಲಕ್ಷ್ಮಿಯವರು 1954ರಲ್ಲಿ ಅಡಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆಯನ್ನು ತೆರೆದು, 1968ರವರೆಗೆ ಬದುಕಿದ್ದರು. ನಮ್ಮ ಕರ್ನಾಟಕದಲ್ಲಿ ಅರ್ಪಣೆಯನ್ನು ನಿಷೇಧಿಸುವ ಶಾಸನವು 1982ರಲ್ಲಿ ಬಂತು. ಅದು ಉದ್ದೇಶಿಸಿದ್ದ ಉತ್ತರ ಕರ್ನಾಟಕದ ದಲಿತ ಹೆಣ್ಣುಮಕ್ಕಳಿಗೆ ಇನಾಮು ಭೂಮಿಯೂ ಇರಲಿಲ್ಲ, ಸಂಗೀತ ಸಭೆಯೂ ಇರಲಿಲ್ಲ.