ವತನ (ಗೋಕಾಕ–ಹುಕ್ಕೇರಿ ಸೀಮೆ)

ಊರಿನ ಅಥವಾ ಪರಗಣದ ಚಾಕರಿಯನ್ನೂ, ಅದಕ್ಕಾಗಿ ಬಿಟ್ಟುಕೊಟ್ಟ ಜಮೀನನ್ನೂ ವಂಶಪಾರಂಪರ್ಯವಾಗಿ ಒಂದೇ ಮನೆತನಕ್ಕೆ ಕಟ್ಟಿದ್ದ ವ್ಯವಸ್ಥೆ. ಕಸುಬು, ಕಬ್ಜೆ ಎರಡೂ ಇಲ್ಲಿ ಒಂದೇ ಹಕ್ಕಿನೊಳಗಿದ್ದವು. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ, ಮತ್ತು ಈಚೆಗೆ ಗೋಕಾಕದಿಂದ ಬೇರೆಯಾದ ಮೂಡಲಗಿ ತಾಲ್ಲೂಕುಗಳಲ್ಲಿ ಇದು ಆದಿಲಶಾಹಿ, ಪೇಶವೆ ಆಳ್ವಿಕೆಗಳನ್ನು ದಾಟಿ ಬ್ರಿಟಿಷರ ಕಾಲಕ್ಕೂ ಉಳಿಯಿತು.

ಪರಗಣದ ಮಟ್ಟದಲ್ಲಿ ದೇಸಾಯಿ, ದೇಶಪಾಂಡೆ. ಊರಲ್ಲಿ ಪಾಟೀಲ, ಕುಲಕರ್ಣಿ. ಅವರ ಕೈಕೆಳಗೆ ತಳವಾರ, ವಾಲೀಕಾರ, ಶೇತಸನದಿ. ಬಡಿಗೇರ, ಕಂಬಾರರ ಬದುಕು ಹೆಚ್ಚಾಗಿ ಆಯದ ಮೇಲೆ ನಿಂತಿತ್ತು. ವರ್ಷವಿಡೀ ರಂಟೆ, ಕುಂಟೆ ಸರಿಮಾಡಿಕೊಟ್ಟು, ರಾಶಿಯ ದಿನ ಕಣಕ್ಕೆ ಹೋಗಿ ಜೋಳ ಅಳೆಸಿಕೊಳ್ಳುತ್ತಿದ್ದರು. ಆಯವನ್ನೂ ವತನವನ್ನೂ ಒಂದೇ ಎಂಬಂತೆ ಬರೆಯುವ ರೂಢಿಯಿದೆ, ಅದು ಸರಿಯಲ್ಲ. ಆಯ ರೈತ ಕೊಡುವ ಪಾಲು, ವತನ ಸರಕಾರ ಮಾನ್ಯ ಮಾಡಿದ ಹಕ್ಕು. ಎರಡೂ ಇದ್ದ ಮನೆತನಗಳಿದ್ದವು ಎಂಬುದೇ ಈ ಗೊಂದಲಕ್ಕೆ ಕಾರಣ.

1874ರ ಮುಂಬಯಿ ಕಾಯಿದೆ ವತನ ಜಮೀನು ಮನೆತನದ ಹೊರಗೆ ಪರಭಾರೆಯಾಗದಂತೆ ಬಿಗಿ ಮಾಡಿತು. ದೇಸಾಯಿ, ದೇಶಪಾಂಡೆಯರಲ್ಲಿ ಬಹಳ ಮಂದಿ ಅದಕ್ಕೂ ಮೊದಲೇ ಹಣ ಕಟ್ಟಿ ಚಾಕರಿಯಿಂದ ಬಿಡುಗಡೆ ಪಡೆದಿದ್ದರು. ದುಡಿಮೆಯ ಕಟ್ಟು ಉಳಿದದ್ದು ಕೆಳಗಿನವರಿಗೆ. ಮಹಾರ ವತನದಾರರನ್ನು ಇದರಿಂದ ಬಿಡಿಸಲು 1928ರಲ್ಲಿ ಅಂಬೇಡ್ಕರ್ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ಅದು ಕಾಯಿದೆಯಾಗಲಿಲ್ಲ.

ವತನ ರದ್ದಾದ ಬಗೆಯಲ್ಲಿಯೇ ಬರಹಗಳು ಹೆಚ್ಚು ಎಡವುತ್ತವೆ. ಪರಗಣ ಮತ್ತು ಕುಲಕರ್ಣಿ ವತನಗಳನ್ನು ತೆಗೆದದ್ದು 1950ರ ಮುಂಬಯಿ ಕಾಯಿದೆ. ಆಗ ಬೆಳಗಾವಿ ಮುಂಬಯಿ ರಾಜ್ಯದಲ್ಲೇ ಇತ್ತು. ಆದರೆ ಕೆಳವರ್ಗದ ಗ್ರಾಮ ವತನಗಳ ಮುಂಬಯಿ ಕಾಯಿದೆ ಬಂದದ್ದು 1958ರಲ್ಲಿ. 1956ರ ನವೆಂಬರ್ 1ರಂದೇ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಅದು ಹುಕ್ಕೇರಿ, ಗೋಕಾಕಗಳಿಗೆ ತಾಗಲೇ ಇಲ್ಲ. ಇಲ್ಲಿ ಪಾಟೀಲರಿಂದ ತಳವಾರರವರೆಗಿನ ಹುದ್ದೆಗಳು 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಡಿ, 1963ರ ಫೆಬ್ರವರಿ 1ರಿಂದ ಕೊನೆಗೊಂಡವು. ಅದೇ ಜಿಲ್ಲೆಯಲ್ಲಿದ್ದು 1956ರಲ್ಲಿ ಮುಂಬಯಿಯಲ್ಲೇ ಉಳಿದ ಚಂದಗಡಕ್ಕೆ ಮಾತ್ರ ಮುಂಬಯಿಯ ಕಾನೂನು.

ಹುದ್ದೆ ಹೋಯಿತು, ಜಮೀನು ಹಿಂದಿನ ವತನದಾರನಿಗೇ ಮರುಮಂಜೂರಾಯಿತು. ಕಾಗದ ಅವನ ಹೆಸರಿನಲ್ಲಿದ್ದು ಉಳುವವನು ಬೇರೆಯಾಗಿದ್ದ ಕಡೆ ತಂಟೆ ಎದ್ದಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನಿಗೆ ಫಾರಂ 7 ತುಂಬಿ ಅಧಿಭೋಗದ ಹಕ್ಕು ಕೇಳಲು ದಾರಿ ಮಾಡಿತು. ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡದಂತೆ 1978ರಲ್ಲಿ ಗ್ರಾಮಾಧಿಕಾರ ರದ್ದತಿ ಕಾಯಿದೆಯ ತಿದ್ದುಪಡಿ ತಡೆಯೊಡ್ಡಿತು. ಇಂಥ ಜಮೀನಿನ ವ್ಯಾಜ್ಯಗಳಲ್ಲಿ ಮರುಮಂಜೂರಿಯ ತಾರೀಖು, ಮಾರಾಟದ ತಾರೀಖು ಎರಡನ್ನೂ ಎದುರುಬದುರು ಇಟ್ಟು ನೋಡಲಾಗುತ್ತದೆ.

ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ ಎಂಬವು ಈಗ ಅಡ್ಡಹೆಸರುಗಳು. ಉತಾರದಲ್ಲಿ ಆ ಅಡ್ಡಹೆಸರು ಇದ್ದ ಮಾತ್ರಕ್ಕೆ ಜಮೀನು ವತನದ್ದೆಂದು ಸಾಬೀತಾಗುವುದಿಲ್ಲ.