ಭಂಗಿ ಮತ್ತು ಬೆನ್ನಿನ ಆರೋಗ್ಯ

ನಿಂತಾಗ, ಕುಳಿತಾಗ, ಬಾಗಿದಾಗ ದೇಹ ತನ್ನ ಭಾರವನ್ನು ಹೊರುವ ರೀತಿಯೇ ಭಂಗಿ. ಬೆನ್ನೆಲುಬು ನೆಟ್ಟಗಿನ ಕಂಬವಲ್ಲ. ಕುತ್ತಿಗೆ ಮತ್ತು ಸೊಂಟದಲ್ಲಿ ಮುಂದಕ್ಕೆ, ಎದೆಯ ಮಟ್ಟದಲ್ಲಿ ಹಿಂದಕ್ಕೆ ಬಾಗಿರುತ್ತದೆ. ಬೆನ್ನೆಲುಬಿನ ಮೂಳೆಗಳಾದ ಕಶೇರುಗಳ ನಡುವೆ ಮೆತ್ತೆಯಂಥ 23 ಡಿಸ್ಕ್‌ಗಳಿವೆ. ವಯಸ್ಕರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಅದರ ಪೋಷಣೆ ಅಕ್ಕಪಕ್ಕದ ಮೂಳೆಯಿಂದ ಒಸರಿ ಬರಬೇಕು. ಹಗಲಿನ ಭಾರಕ್ಕೆ ಅದು ನೀರು ಕಳೆದುಕೊಳ್ಳುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರವಿರುವುದು ಇದರಿಂದಲೇ. ಎದ್ದ ಹೊಸತರಲ್ಲಿ ಡಿಸ್ಕ್ ನೀರು ತುಂಬಿ ಬಿಗಿದಿರುತ್ತದೆ. ಹಳೆಯ ಸೊಂಟನೋವಿರುವವರು ಆ ಹೊತ್ತಿನಲ್ಲಿ ಆಳವಾಗಿ ಬಾಗಿ ಕೊಡ, ಬಕೆಟ್ ಎತ್ತದಿರುವುದು ಒಳ್ಳೆಯದು.

ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜನರ ಸೊಂಟದ ಡಿಸ್ಕ್‌ಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಕುಳಿತಾಗ ಒತ್ತಡ ಹೆಚ್ಚೆಂದು ಕಂಡಿತು. 1999ರಲ್ಲಿ ಜರ್ಮನಿಯ ಹಾನ್ಸ್-ಯೋಆಕಿಮ್ ವಿಲ್ಕೆ ಮತ್ತು ಸಂಗಡಿಗರು ಒಬ್ಬ ವ್ಯಕ್ತಿಯ ಡಿಸ್ಕ್‌ನಲ್ಲಿ ಸಂವೇದಕವಿಟ್ಟು ಅಳೆದಾಗ ಹಾಗೆ ಕಾಣಲಿಲ್ಲ: ಆರಾಮಾಗಿ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿರಲಿಲ್ಲ. 20 ಕೆ.ಜಿ. ಭಾರವನ್ನು ಮೈಗೆ ಒತ್ತಿ ಹಿಡಿದಾಗ 1.1 ಮೆಗಾಪ್ಯಾಸ್ಕಲ್ ಇದ್ದ ಒತ್ತಡ, ಅದನ್ನೇ ಎದೆಯಿಂದ 60 ಸೆಂ.ಮೀ. ದೂರ ಹಿಡಿದಾಗ 1.8ಕ್ಕೆ ಏರಿತು, ಬೆನ್ನು ಬಾಗಿಸಿ ಎತ್ತಿದಾಗ 2.3. ಒಬ್ಬರ ಮೇಲಿನ ಅಳತೆಯಾದರೂ ತಾತ್ಪರ್ಯ ಸ್ಪಷ್ಟ: ಭಾರ ಮೈಗೆ ಹತ್ತಿರವಿರಲಿ, ಮಂಡಿ ಮಡಿಯಲಿ.

ಮಕ್ಕಳನ್ನು ಸದಾ ನೆಟ್ಟಗೆ ಕೂರಲು ಗದರುವುದಕ್ಕೆ ಮಾತ್ರ ಆಧಾರ ತೆಳು. ಎಲ್ಲರಿಗೂ ಒಪ್ಪುವ ಒಂದೇ ಸರಿಯಾದ ಭಂಗಿ ಇಲ್ಲ. ಯಾವ ಭಂಗಿಯಲ್ಲೇ ಆಗಲಿ ಹೊತ್ತುಗಟ್ಟಲೆ ಕದಲದಿದ್ದರೆ ಸ್ನಾಯು ದಣಿಯುತ್ತದೆ. ನಾಟಿಗದ್ದೆಯಲ್ಲಿ ಬಾಗಿಯೇ ಇರುವ ಹೆಂಗಸರಿಗೂ ಕಂಪ್ಯೂಟರಿನೆದುರು ಕೂತವರಿಗೂ ಅರ್ಧ ಗಂಟೆಗೊಮ್ಮೆ ಎದ್ದು ಮೈ ಸಡಿಲಿಸುವ ಬಿಡುವು ಬೇಕು. ಬೆಂಬಲವಿಲ್ಲದ ಕುರ್ಚಿಯಲ್ಲಿ ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್ ಇಟ್ಟರೂ ಸಾಕು.

ಸೊಂಟ ಹಿಡಿದಾಗ ಹಾಸಿಗೆ ಹಿಡಿಯುವ ರೂಢಿ ಬಿಡಬೇಕಾದದ್ದು. 1995ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ, ಎರಡು ದಿನ ಮಲಗಿದ್ದವರಿಗಿಂತ ನೋವು ತಾಳುವಷ್ಟು ಓಡಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು. ನಡಿಗೆ, ಈಜು, ಬೆನ್ನು–ಹೊಟ್ಟೆಯ ಸ್ನಾಯುಗಳ ವ್ಯಾಯಾಮ ನೆರವಾಗುತ್ತವೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ (1918–2014) ಪಟ್ಟಿ, ಮರದ ತುಂಡುಗಳ ಆಸರೆಯಿಂದ ಕಲಿಸಿದ ಯೋಗಪದ್ಧತಿ ದೀರ್ಘಕಾಲದ ಸೊಂಟನೋವನ್ನು ತಗ್ಗಿಸಿದ್ದನ್ನು ಅಮೆರಿಕದ ಅಧ್ಯಯನಗಳು ದಾಖಲಿಸಿವೆ.

ಹೆಚ್ಚಿನ ಸೊಂಟನೋವು ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಶಕ್ತಿ ಕುಂದಿದರೆ ನರಗಳು ಅದುಮಿಕೊಂಡಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲಿನ ನೋವು ಇದ್ದರೂ ವೈದ್ಯರನ್ನು ಕಾಣಲು ತಡಮಾಡಬಾರದು.